ಹೀನಾಧಿಕ ಮಾನೋನ್ಮಾನ: ಕೊಳ್ಳೇಗಾಲ ಸೀಮೆಯ ಕೊಳಗ ಮತ್ತು ತಕ್ಕಡಿ

ಗೃಹಸ್ಥನಾದ ಶ್ರಾವಕನಿಗೆ ವಿಹಿತವಾಗಿರುವ ಐದು ಅಣುವ್ರತಗಳಲ್ಲಿ ಮೂರನೆಯದು ಅಚೌರ್ಯ. ಈ ವ್ರತವನ್ನು ಸ್ವೀಕರಿಸಿದವನು ಪರರ ಮನೆಗೆ ಕನ್ನ ಹಾಕುವುದಿಲ್ಲ, ದಾರಿಯಲ್ಲಿ ಬಿದ್ದ ವಸ್ತುವನ್ನು ತನ್ನದೆಂದು ಎತ್ತಿಕೊಳ್ಳುವುದಿಲ್ಲ. ಇಷ್ಟರಿಂದಲೇ ವ್ರತವು ಪೂರ್ಣವಾಯಿತೆಂದು ಅವನು ಭಾವಿಸಬಾರದೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಕಲಬೆರಕೆ ಮಾಡುವುದು ಇವೇ ಆ ಐದು. ಇವುಗಳಲ್ಲಿ ನಾಲ್ಕನೆಯದಕ್ಕೆ ಹೀನಾಧಿಕ ಮಾನೋನ್ಮಾನವೆಂದು ಹೆಸರು.

ಈ ಹೆಸರಿನಲ್ಲಿ ಎರಡು ಪದಗಳು ಸೇರಿವೆ ಎಂಬುದನ್ನು ಓದುಗರು ಗಮನಿಸಬೇಕು. ಮಾನವೆಂದರೆ ಪಾತ್ರೆಯಿಂದ ಅಳೆಯುವುದು. ಉನ್ಮಾನವೆಂದರೆ ತಕ್ಕಡಿಯಲ್ಲಿ ಎತ್ತಿ ತೂಗುವುದು. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಪ್ರಸ್ಥ ಮೊದಲಾದುವು ಮಾನವೆಂದೂ ತುಲೆ ಮೊದಲಾದುವು ಉನ್ಮಾನವೆಂದೂ ವಿವರಿಸಿ, ಪರರಿಗೆ ಕೊಡುವಾಗ ಕಡಿಮೆಯದನ್ನೂ ತಾನು ಕೊಳ್ಳುವಾಗ ಹೆಚ್ಚಿನದನ್ನೂ ಬಳಸುವುದೇ ದೋಷವೆಂದು ತಿಳಿಸಿದ್ದಾರೆ. ಖೋಟಾ ಪಾತ್ರೆ, ಖೋಟಾ ಬಟ್ಟು ಇದ್ದರೆ ಮಾತ್ರ ಈ ದೋಷ ಸಂಭವಿಸುತ್ತದೆಂಬುದು ಸಾಮಾನ್ಯರ ತಿಳುವಳಿಕೆ. ಪಾತ್ರೆಯೂ ನಿಜವಾಗಿದ್ದು ತಕ್ಕಡಿಯೂ ನಿಜವಾಗಿದ್ದಾಗಲೂ, ಒಂದರಿಂದ ಇನ್ನೊಂದಕ್ಕೆ ಲೆಕ್ಕ ಬದಲಾಯಿಸುವಾಗ ಇದೇ ದೋಷವು ನುಸುಳುತ್ತದೆ. ಇದಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಅಳತೆಗಳ ಇತಿಹಾಸವು ಒಳ್ಳೆಯ ನಿದರ್ಶನವಾಗಿದೆ. ಪೂಜ್ಯಪಾದರ ನೆನಪನ್ನು ಪರಂಪರೆಯಿಂದ ಕಾಪಾಡಿಕೊಂಡು ಬಂದಿರುವ ಕನಕಗಿರಿ ಕ್ಷೇತ್ರವೂ ಇದೇ ಚಾಮರಾಜನಗರ ಜಿಲ್ಲೆಯ ಮಲೆಯೂರಿನಲ್ಲಿರುವುದು ಸ್ಮರಣೀಯ.

ಶಾಸ್ತ್ರದಲ್ಲಿ ಅಳತೆಯ ವಿಚಾರ

ಜೈನಾಚಾರ್ಯರು ಅಳತೆಯನ್ನು ಕೇವಲ ಅಂಗಡಿಯ ವಿಷಯವೆಂದು ಬದಿಗೆ ಸರಿಸಿದವರಲ್ಲ. ಅಕಲಂಕದೇವರು ರಾಜವಾರ್ತಿಕದಲ್ಲಿ ಲೌಕಿಕ ಪ್ರಮಾಣಗಳನ್ನು ವಿಂಗಡಿಸುವಾಗ ಮಾನ, ಉನ್ಮಾನ, ಅವಮಾನ, ಗಣನೆ, ಪ್ರತಿಮಾನ, ತತ್ಪ್ರಮಾಣವೆಂದು ಆರು ಬಗೆಗಳನ್ನು ಹೇಳಿ, ಮಾನವನ್ನು ಮತ್ತೆ ರಸಮಾನ ಮತ್ತು ಬೀಜಮಾನವೆಂದು ಎರಡಾಗಿ ಮಾಡಿದ್ದಾರೆ. ಎಣ್ಣೆ ತುಪ್ಪಗಳನ್ನು ಅಳೆಯುವುದು ಬೇರೆ, ಕಾಳುಗಳನ್ನು ಅಳೆಯುವುದು ಬೇರೆ ಎಂಬ ವಿವೇಕ ಇಲ್ಲಿದೆ.

ಶ್ವೇತಾಂಬರ ಆಗಮವಾದ ಅನುಯೋಗದ್ವಾರಸೂತ್ರವು ಈ ವಿವೇಕವನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸುತ್ತದೆ. ಅದರ ಪ್ರಕಾರ ರಸಮಾನದ ಪಾತ್ರೆಯು ಧಾನ್ಯಮಾನದ ಪಾತ್ರೆಗಿಂತ ಕಾಲುಭಾಗ ದೊಡ್ಡದಾಗಿರಬೇಕು. ಧಾನ್ಯವನ್ನು ತುಂಬಿದಾಗ ಪಾತ್ರೆಯ ಬಾಯಿಯ ಮೇಲೆ ಶಿಖೆ ನಿಲ್ಲುತ್ತದೆ, ರಸದ್ರವ್ಯಕ್ಕೆ ಅಂತಹ ಹೊರಶಿಖೆ ಇಲ್ಲ. ಆದಕಾರಣ ಆ ಶಿಖೆಯನ್ನು ಪಾತ್ರೆಯ ಒಳಗೇ ಸೇರಿಸಿ ಹೇಳಲಾಗಿದೆ. ಗೋಪುರ ಕಟ್ಟಿ ಅಳೆಯುವ ಧಾನ್ಯಕ್ಕೂ ಕಂಠಮಟ್ಟ ತುಂಬುವ ಎಣ್ಣೆಗೂ ಒಂದೇ ಹೆಸರಿನ ಅಳತೆಯನ್ನು ಬಳಸಿದರೆ ಆಗುವ ವ್ಯತ್ಯಾಸವನ್ನು ಆ ಕಾಲದಲ್ಲಿಯೇ ಲೆಕ್ಕ ಹಾಕಿ ಸರಿಪಡಿಸಿದ್ದರು. ಬೆಲ್ಲ, ಸಕ್ಕರೆ, ಕುಂಕುಮ ಮೊದಲಾದುವನ್ನು ಅದೇ ಗ್ರಂಥವು ಉನ್ಮಾನದ ವಸ್ತುಗಳೆಂದು ಬೇರೆಯಾಗಿ ಇಟ್ಟಿರುತ್ತದೆ.

9ನೆಯ ಶತಮಾನದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಧಾನ್ಯದ ಪರಿಮಾಣಗಳಿಗೂ ಲೋಹಗಳ ತೂಕಗಳಿಗೂ ಬೇರೆ ಬೇರೆ ಪರಿಭಾಷೆಗಳಿವೆ. 12ನೆಯ ಶತಮಾನದ ಜೈನ ಕವಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿ, ಲೆಕ್ಕದ ವಿದ್ಯೆಯನ್ನು ದೇಶಭಾಷೆಗೆ ತಂದನು. ಶ್ರವಣಬೆಳಗೊಳದ 13ನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟಸ್ವಾಮಿಯ ಅಭಿಷೇಕಕ್ಕೆ ದಿನಂಪ್ರತಿ ಇಂತಿಷ್ಟು ಮಾನ ಹಾಲು ಸಲ್ಲಬೇಕೆಂದು ಹೊನ್ನನ್ನು ಬಡ್ಡಿಗಿಟ್ಟ ದತ್ತಿಗಳಿವೆ. ಹೊನ್ನು ತೂಕದಿಂದ, ಹಾಲು ಅಳತೆಯಿಂದ; ಎರಡರ ನಡುವೆ ಶಾಶ್ವತವಾದ ಒಂದು ಲೆಕ್ಕ. ಅಳತೆಯ ಪಾತ್ರೆ ಕುಗ್ಗಿದರೆ ದತ್ತಿಯೂ ಕುಗ್ಗುತ್ತದೆಂಬುದು ದಾನಿಗಳಿಗೆ ತಿಳಿದಿದ್ದಿತು.

ಒಂದೇ ಸೀಮೆ, ಎರಡು ರಾಜ್ಯ

ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ ಇರುವ ದೂರ ಹದಿನೈದು ಹದಿನಾರು ಕಿಲೋಮೀಟರು. ಹನೂರು ಕೊಳ್ಳೇಗಾಲದಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರು. ಕಾವೇರಿಯ ನೀರಿನ ಆಸರೆಯಿರುವ ಕೊಳ್ಳೇಗಾಲದ ಬಯಲು, ಸುವರ್ಣಾವತಿಯ ನೀರಿನಿಂದ ಭತ್ತ ಬೆಳೆಯುವ ಯಳಂದೂರು, ಮಲೆಮಹದೇಶ್ವರ ಬೆಟ್ಟದ ಹಾದಿಯಲ್ಲಿ ರಾಗಿಯನ್ನು ನಂಬಿದ ಹನೂರು, ಈ ಮೂರೂ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತಾ ಬಂದ ಊರುಗಳು. ಭಾಷೆ ಒಂದೇ, ಸಂತೆಗಳೂ ಒಂದಕ್ಕೊಂದು ಹೊಂದಿಕೊಂಡವು.

ಯಳಂದೂರು ಜೈನ ಇತಿಹಾಸಕ್ಕೆ ಅಪರಿಚಿತವಲ್ಲ. 1673ರಲ್ಲಿ ಪಟ್ಟವೇರಿದ ಚಿಕ್ಕದೇವರಾಜ ಒಡೆಯರ ಪ್ರಧಾನಿಯಾಗಿದ್ದ ವಿಶಾಲಾಕ್ಷ ಪಂಡಿತನು ಯಳಂದೂರಿನ ಜೈನನು. ಅದೇ ಅರಸರ ಆಸ್ಥಾನದಲ್ಲಿ ಗೃಹಿಣೀಧರ್ಮವನ್ನು ಕುರಿತು ಕಾವ್ಯ ರಚಿಸಿದ ಸಂಚಿಯ ಹೊನ್ನಮ್ಮನೂ ಯಳಂದೂರಿನವಳೇ. ರಾಜಕಾರ್ಯದ ಕಣಜವನ್ನೂ ಮನೆಯ ಕಣಜವನ್ನೂ ಬಲ್ಲ ಈ ಇಬ್ಬರ ಕಾಲದಲ್ಲಿ ಈ ಸೀಮೆಯೆಲ್ಲ ಒಂದೇ ಮೈಸೂರಾಗಿದ್ದಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಐಕ್ಯ ಮುರಿಯಿತು. ಹನೂರನ್ನೊಳಗೊಂಡ ಕೊಳ್ಳೇಗಾಲದ ಪ್ರದೇಶವು ಕಂಪನಿ ಸರಕಾರಕ್ಕೆ ಸೇರಿ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಯಳಂದೂರು ಮೈಸೂರಿನಲ್ಲಿಯೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಮರಳುವವರೆಗೆ, ಒಂದೂವರೆ ಶತಮಾನಕ್ಕೂ ಮೀರಿ, ಅರ್ಧ ದಿನದ ಗಾಡಿಪಯಣದಲ್ಲಿ ವರ್ತಕನು ಒಂದು ರಾಜ್ಯದ ಕಟ್ಟಳೆಯಿಂದ ಇನ್ನೊಂದರ ಕಟ್ಟಳೆಗೆ ದಾಟುತ್ತಿದ್ದನು. 1997ರಲ್ಲಿ ಈ ಸೀಮೆ ಚಾಮರಾಜನಗರ ಜಿಲ್ಲೆಗೆ ಸೇರಿತು; ಹನೂರು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಗಿದೆ.

ಸೇರು ಮತ್ತು ಪಡಿ

ಹಳೆಯ ಮೈಸೂರಿನ ಧಾನ್ಯದ ಅಳತೆಯಲ್ಲಿ ನಾಲ್ಕು ಪಾವು ಒಂದು ಸೇರು, ಎರಡು ಸೇರು ಒಂದು ಬಳ್ಳ, ನಾಲ್ಕು ಬಳ್ಳ ಒಂದು ಕೊಳಗ, ಇಪ್ಪತ್ತು ಕೊಳಗ ಒಂದು ಖಂಡುಗ. ಭೂಮಿಯನ್ನೂ ಇದೇ ಮಾತಿನಿಂದ ಹೇಳುತ್ತಿದ್ದರು. ಒಂದು ಖಂಡುಗ ಬೀಜ ಹಿಡಿಯುವ ಹೊಲವೇ ಖಂಡುಗದ ಹೊಲ. ಅರ್ಧ ಸೇರಿಗೆ ಅಚ್ಚೇರೆಂದು ಹೆಸರು.

ತೂಕದ ಕ್ರಮ ಬೇರೆ. 24 ತೊಲ ಅಂದರೆ 24 ರೂಪಾಯಿ ತೂಕವು ಒಂದು ಕಚ್ಚಾ ಸೇರು, ಐದು ಕಚ್ಚಾ ಸೇರು ಒಂದು ವೀಸೆ, ಎಂಟು ವೀಸೆ ಒಂದು ಮಣ. ಹೀಗೆ ಸೇರೆಂಬ ಒಂದೇ ಹೆಸರು ಒಂದೆಡೆ ಪಾತ್ರೆಯನ್ನೂ ಇನ್ನೊಂದೆಡೆ ಬಟ್ಟನ್ನೂ ಸೂಚಿಸುತ್ತಿದ್ದಿತು. ಬೆಲ್ಲ ಹುಣಿಸೆಹಣ್ಣುಗಳ ಸೇರೇ ಬೇರೆ, ರಾಗಿ ಅಕ್ಕಿಗಳ ಸೇರೇ ಬೇರೆ. ಅರಿಯದ ಗಿರಾಕಿಗೆ ಇದೇ ಮೊದಲನೆಯ ತೊಡಕು.

ಅಳತೆಯ ಪಕ್ಕಾ ಸೇರನ್ನು ನಿರ್ಣಯಿಸಿದ ರೀತಿ ಬಹಳ ಅರ್ಥಪೂರ್ಣವಾದುದು. ಬಳಕೆಯಲ್ಲಿರುವ ಒಂಬತ್ತು ಧಾನ್ಯಗಳನ್ನು ಸಮಪಾಲಾಗಿ ಬೆರೆಸಿ, ಆ ಮಿಶ್ರಣದಲ್ಲಿ 84 ರೂಪಾಯಿ ತೂಕದಷ್ಟನ್ನು ತೂಗಿ, ಅದು ಸರಿಯಾಗಿ ಹಿಡಿಯುವ ಪಾತ್ರೆಯನ್ನು ಸೇರೆಂದು ಗೊತ್ತುಪಡಿಸುತ್ತಿದ್ದರು. ಇಂದಿನ ಲೆಕ್ಕದಲ್ಲಿ ಇದು ಸುಮಾರು 980 ಗ್ರಾಂ ಧಾನ್ಯ. ಪಾತ್ರೆಯ ನ್ಯಾಯವನ್ನು ತಕ್ಕಡಿಯ ಮೂಲಕ ಸ್ಥಾಪಿಸಬೇಕು, ಆದರೆ ಯಾವುದೋ ಒಂದು ಧಾನ್ಯವನ್ನು ಆರಿಸಿಕೊಂಡರೆ ಉಳಿದವುಗಳಿಗೆ ಅನ್ಯಾಯವಾಗುತ್ತದೆ. ಆದುದರಿಂದ ಒಂಬತ್ತನ್ನೂ ಕೂಡಿಸಿ ಮಧ್ಯಮಾರ್ಗ ಹಿಡಿದರು. ವಸ್ತುವು ಅನೇಕ ಧರ್ಮಗಳಿಂದ ಕೂಡಿದುದು, ಒಂದೇ ಮುಖದಿಂದ ನೋಡಿ ನಿರ್ಣಯಿಸಬಾರದೆಂಬ ಅನೇಕಾಂತದ ತಿಳುವಳಿಕೆ ಇದ್ದವರಿಗೆ ಈ ಕ್ರಮವು ಮೆಚ್ಚಿಗೆಯಾಗುವುದು ಸಹಜ.

ಗಡಿಯಾಚೆಯ ಮದರಾಸು ಸರಕಾರದ ಅಳತೆ ಪಡಿ. ಕಂಠಮಟ್ಟಕ್ಕೆ ಸವರಿದಾಗ 120 ತೊಲ, ಗೋಪುರ ಕಟ್ಟಿದಾಗ 132 ತೊಲ ಅಕ್ಕಿ ಹಿಡಿಯುವುದು ಆ ಪಡಿಯ ಲಕ್ಷಣ. ತೂಕದಲ್ಲಿ ಮಾತ್ರ ಎರಡು ರಾಜ್ಯಗಳಿಗೂ ಬಹುತೇಕ ಹೊಂದಿಕೆಯಿದ್ದಿತು. ಮದರಾಸಿನ ವೀಸೆಯೂ 120 ತೊಲ, ಎಂಟು ವೀಸೆಗೆ ಒಂದು ಮಣ. ಆ ಮಣ ಸುಮಾರು 25 ಪೌಂಡು. ಗಡಿಯನ್ನು ದಾಟಿದಾಗ ತಕ್ಕಡಿಯ ಮಾತು ಬದಲಾಗುತ್ತಿರಲಿಲ್ಲ, ಪಾತ್ರೆಯ ಮಾತು ಬದಲಾಗುತ್ತಿದ್ದಿತು.

84ಕ್ಕೂ 120ಕ್ಕೂ ತ್ರೈರಾಶಿ ಹಾಕಿದರೆ ಹತ್ತು ಸೇರು ಏಳು ಪಡಿಗೆ ಸಮವೆಂಬ ಸುಲಭವಾದ ಉತ್ತರ ದೊರೆಯುತ್ತದೆ. ಈ ಉತ್ತರವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. 84 ತೊಲವು ನವಧಾನ್ಯದ ತೂಕ, 120 ತೊಲವು ಅಕ್ಕಿಯ ತೂಕ. ಅಲ್ಲದೆ ಪಡಿಯನ್ನು ಸವರಿ ಅಳೆದರೋ ಗೋಪುರ ಕಟ್ಟಿ ಅಳೆದರೋ ಎಂಬುದರ ಮೇಲೆ ಹತ್ತರಲ್ಲಿ ಒಂದು ಪಾಲು ಏರುಪೇರಾಗುತ್ತದೆ. ಎರಡು ಪಾತ್ರೆಗಳಿಗೂ ಸರಕಾರದ ಮುದ್ರೆ ಇದ್ದರೂ, ಅವುಗಳ ನಡುವಿನ ಈ ಅಂತರದಲ್ಲಿ ಲಾಭವೂ ಅಡಗಿದ್ದಿತು, ದೋಷವೂ ಅಡಗಿದ್ದಿತು.

ನಿಜವಾದ ಪಾತ್ರೆಯಿಂದ ಆಗುವ ಮೋಸ

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿ ಸರಕಾರದ ಆಜ್ಞೆಯಂತೆ ಈ ಸೀಮೆಯಲ್ಲಿ ಸಂಚರಿಸಿ, ಯಳಂದೂರು, ಹನೂರು, ಕೌದಳ್ಳಿಗಳ ಮಾರ್ಗವಾಗಿ ಘಟ್ಟವಿಳಿದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಹೋದ ಹೋದಲ್ಲಿ ಬೀಜವೆಷ್ಟು, ಬೆಳೆಯೆಷ್ಟು, ಅದನ್ನು ಅಳೆಯುವ ಪಾತ್ರೆ ಯಾವುದು ಎಂಬ ವಿಚಾರಣೆ ಇದೆ. ಅಳತೆಯನ್ನು ತಿಳಿಯದೆ ಇಳುವರಿಯನ್ನಾಗಲಿ ಕಂದಾಯವನ್ನಾಗಲಿ ಕೂಲಿಯನ್ನಾಗಲಿ ತಿಳಿಯಲು ಸಾಧ್ಯವಿರಲಿಲ್ಲ.

ಕೂಲಿಯ ಮಾತು ಇಲ್ಲಿ ಮುಖ್ಯವಾದುದು. ಹಣ ವಿರಳವಾಗಿದ್ದ ಆ ಕಾಲದಲ್ಲಿ ಕೊಯ್ಲಿನ ಆಳುಗಳಿಗೆ ಕಣದಲ್ಲಿಯೇ ಬಳ್ಳದಿಂದ ಅಳೆದು ಧಾನ್ಯ ಕೊಡುವುದು ರೂಢಿ. ಒಕ್ಕಣೆಯಾದ ಹೊಸದರಲ್ಲಿ ರಾಗಿಯಲ್ಲಿ ಹೊಟ್ಟು ಉಳಿದಿರುತ್ತದೆ, ಭತ್ತದಲ್ಲಿ ಜೊಳ್ಳು ಉಳಿದಿರುತ್ತದೆ. ಬಳ್ಳ ತುಂಬಿದಂತೆ ಕಾಣುತ್ತದೆ, ತೂಕ ಇರುವುದಿಲ್ಲ. ಚೆನ್ನಾಗಿ ತೂರಿ ಹಸನು ಮಾಡಿದ ರಾಶಿಯಿಂದ ಅಳೆದರೆ ಒಂದು ನ್ಯಾಯ, ತೂರುವ ಮುನ್ನ ಅಳೆದರೆ ಇನ್ನೊಂದು. ಪಾತ್ರೆಯನ್ನು ಕುಲುಕಿದರೆ ಕಾಳು ಕುಳಿತು ಹೆಚ್ಚು ಹಿಡಿಯುತ್ತದೆ. ಮೇಲಿನಿಂದ ಸಡಿಲವಾಗಿ ಸುರಿದರೆ ಕಡಿಮೆ ಹಿಡಿಯುತ್ತದೆ. ಕೊಳ್ಳುವಾಗ ಕುಲುಕಿ ಗೋಪುರ ಕಟ್ಟಿಸಿಕೊಂಡು, ಮಾರುವಾಗ ಸಡಿಲವಾಗಿ ಸುರಿದು ತಲೆ ಸವರುವವನ ಕೈಯಲ್ಲಿ ಇರುವುದು ಒಂದೇ ಸೇರು. ಪೂಜ್ಯಪಾದರು ಹೇಳಿದ ಹೀನವೂ ಅಧಿಕವೂ ಆ ಒಂದೇ ಪಾತ್ರೆಯಲ್ಲಿವೆ.

ತಕ್ಕಡಿಯು ಈ ದೋಷದಿಂದ ಮುಕ್ತವೆಂದು ತಿಳಿಯಬಾರದು. ನೂರಕ್ಕೆ 20 ಪಾಲು ತೇವಾಂಶವಿರುವ 100 ಕಿಲೋ ಭತ್ತವನ್ನು ನೂರಕ್ಕೆ 14ರ ತೇವಾಂಶಕ್ಕೆ ಒಣಗಿಸಿದರೆ ಉಳಿಯುವುದು 93 ಕಿಲೋ. ಏಳು ಕಿಲೋ ನೀರನ್ನು ಧಾನ್ಯದ ಬೆಲೆಗೆ ಮಾರಿದಂತಾಗುತ್ತದೆ. ಸರಕಾರದ ಖರೀದಿಯಲ್ಲಿ ಭತ್ತಕ್ಕೆ ನೂರಕ್ಕೆ 17ರ ತೇವಾಂಶದ ಮಿತಿಯನ್ನು ಇಟ್ಟಿರುವುದು ಇದೇ ಕಾರಣದಿಂದ. ಕೊಳ್ಳೇಗಾಲದ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದ ರೇಷ್ಮೆಯೂ ಗಾಳಿಯ ತೇವವನ್ನು ಹೀರಿ ತೂಕವೇರುವ ವಸ್ತು. ಅದಕ್ಕೂ ವ್ಯಾಪಾರದಲ್ಲಿ ನೂರಕ್ಕೆ 11ರ ತೇವಾಂಶದ ಲೆಕ್ಕವನ್ನು ಮಾನ್ಯ ಮಾಡಲಾಗಿದೆ. ಒದ್ದೆಯ ಧಾನ್ಯವನ್ನು ಅಳತೆಯಿಂದ ಕೊಂಡು ತೂಕದಿಂದ ಮಾರುವವನೂ, ಹಗುರವಾದುದನ್ನು ತೂಕದಿಂದ ಕೊಂಡು ಅಳತೆಯಿಂದ ಮಾರುವವನೂ ಮಾನ ಉನ್ಮಾನಗಳ ನಡುವಿನ ಬಿರುಕಿನಲ್ಲಿ ಕೈಯಾಡಿಸಿದವರೇ ಆಗುತ್ತಾರೆ.

ಕ್ಷಾಮಕಾಲದ ಒಂದು ಪೌಂಡು

ಅಳತೆಯಿಂದ ತೂಕಕ್ಕೆ ಮಾಡುವ ಬದಲಾವಣೆ ಎಷ್ಟು ಗಂಭೀರವಾದುದೆಂಬುದಕ್ಕೆ 1876ರಿಂದ 1878ರವರೆಗಿನ ಮಹಾಕ್ಷಾಮವು ಸಾಕ್ಷಿಯಾಗಿದೆ. ಮೈಸೂರು ಸಂಸ್ಥಾನವೂ ಕೊಯಮತ್ತೂರು ಜಿಲ್ಲೆಯೂ ಆ ಕ್ಷಾಮದಲ್ಲಿ ಬೆಂದುಹೋದವು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಪರಿಹಾರದ ಕೆಲಸ ಮಾಡುವ ಗಂಡಾಳಿಗೆ ದಿನವೊಂದಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ ಸಾಕೆಂದು ನಿಗದಿ ಮಾಡಿಸಿದನು.

ಒಂದು ಪೌಂಡೆಂದರೆ ಸುಮಾರು 39 ತೊಲ. ಯಳಂದೂರಿನ ಲೆಕ್ಕದಲ್ಲಿ ಅದು ಅಚ್ಚೇರಿಗಿಂತಲೂ ಕಡಿಮೆ. ಕೊಳ್ಳೇಗಾಲ ಹನೂರುಗಳ ಸರಕಾರಿ ಪಡಿಯ ಲೆಕ್ಕದಲ್ಲಿ ಮೂರನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಮಣ್ಣು ಹೊತ್ತು ಕಲ್ಲು ಒಡೆಯುವ ಆಳಿಗೆ ಇದು ಹೊಟ್ಟೆ ತುಂಬುವ ಅಳತೆಯಲ್ಲವೆಂಬುದು ಅಡಿಗೆ ಮಾಡುವ ಯಾವ ತಾಯಿಗಾದರೂ ತಿಳಿಯುವ ವಿಷಯ. ಕಾಗದದ ಮೇಲೆ ಪೌಂಡೆಂದು ಬರೆದಾಗ ಅದು ಕಾಣುವುದಿಲ್ಲ, ಪಾವಿನಲ್ಲಿ ತುಂಬಿ ನೋಡಿದಾಗ ಕಾಣುತ್ತದೆ. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಎಂಬುವರು ಈ ಪ್ರಮಾಣವನ್ನು ಬಲವಾಗಿ ವಿರೋಧಿಸಿ, ಕನಿಷ್ಠ ಒಂದೂವರೆ ಪೌಂಡು ಧಾನ್ಯವೂ ಅದರ ಜೊತೆಗೆ ಬೇಳೆ ಕಾಯಿಪಲ್ಯಗಳೂ ಬೇಕೆಂದು ವಾದಿಸಿದರು. ಅಧಿಕಾರದಲ್ಲಿರುವವನು ತಾನು ಬಳಸುವ ಪ್ರಮಾಣವು ಬಡವನ ತಟ್ಟೆಯಲ್ಲಿ ಎಷ್ಟಾಗುತ್ತದೆಂದು ಪರಿವರ್ತಿಸಿ ನೋಡದಿರುವುದು ಹಿಂಸೆಗೂ ಕಾರಣವಾಗುತ್ತದೆ. ಅಚೌರ್ಯದ ಅತಿಚಾರವು ಅಹಿಂಸೆಯ ಬುಡಕ್ಕೇ ಕೊಡಲಿಯಾಗುವುದು ಹೀಗೆ.

ಗಡಿಯ ವ್ಯಾಪಾರ

ಸೂತ್ರಕಾರರು ಹೀನಾಧಿಕ ಮಾನೋನ್ಮಾನಕ್ಕೆ ಮುಂಚೆಯೇ ವಿರುದ್ಧರಾಜ್ಯಾತಿಕ್ರಮವನ್ನು ಹೇಳಿದ್ದಾರೆ. ಬೇರೆ ರಾಜ್ಯದಲ್ಲಿ ಬೆಲೆಬಾಳುವ ವಸ್ತು ಅಗ್ಗವಾಗಿ ದೊರೆಯುತ್ತದೆಂದು ನ್ಯಾಯಮಾರ್ಗ ಬಿಟ್ಟು ಪ್ರಯತ್ನಿಸುವುದೆಂದು ವ್ಯಾಖ್ಯಾನಕಾರರು ಇದಕ್ಕೆ ಅರ್ಥ ಮಾಡಿದ್ದಾರೆ. ಕೊಳ್ಳೇಗಾಲ ಯಳಂದೂರುಗಳ ನಡುವಿನ ವರ್ತಕನಿಗೆ ಈ ಎರಡು ಅತಿಚಾರಗಳೂ ಅಕ್ಕಪಕ್ಕದಲ್ಲಿಯೇ ಇದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯದ ಸಾಗಾಣಿಕೆಗೆ ನಿರ್ಬಂಧಗಳು ಬಂದು ಪಡಿತರದ ಪದ್ಧತಿ ಆರಂಭವಾದಾಗ, ಗಡಿಯೆಂಬುದು ಭೂಪಟದ ಗೆರೆಯಾಗಿ ಮಾತ್ರ ಉಳಿಯದೆ ಒಲೆಯ ಮುಂದಿನ ಗೆರೆಯೂ ಆಯಿತು. ಅಂತಹ ದಿನಗಳಲ್ಲಿ ಸೇರನ್ನು ಪಡಿಗೂ ಪಡಿಯನ್ನು ತೊಲಕ್ಕೂ ಪ್ರಾಮಾಣಿಕವಾಗಿ ತಿರುಗಿಸಿ ಹೇಳುವ ವರ್ತಕನ ಮಾತಿಗೆ ಊರಿನಲ್ಲಿ ಬೆಲೆ ಬರುವುದು ಸಹಜವೇ.

ಸೇರಿಗೆ ಸವ್ವಾಸೇರೆಂಬ ಗಾದೆಯನ್ನು ಜನರು ಜಾಣತನಕ್ಕೆ ಹೇಳುತ್ತಾರೆ. ಶ್ರಾವಕನಿಗೆ ಅದು ಎಚ್ಚರಿಕೆಯ ಮಾತಾಗಬೇಕು. ಕೊಳ್ಳುವಾಗ ಸವ್ವಾಸೇರು, ಕೊಡುವಾಗ ಮುಕ್ಕಾಲು ಸೇರಾದರೆ ನಡುವಿನ ಅರ್ಧ ಸೇರು ಯಾರದೆಂದು ಅವನು ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಮೆಟ್ರಿಕ್ ಪದ್ಧತಿಯ ಆಗಮನ

1956ರ ವರ್ಷವು ಈ ಸೀಮೆಗೆ ಎರಡು ಬಗೆಯಲ್ಲಿ ಸ್ಮರಣೀಯ. ನವೆಂಬರಿನಲ್ಲಿ ರಾಜ್ಯಗಳ ನಡುವಿನ ಗಡಿ ಅಳಿಯಿತು. ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣ ಕಾಯಿದೆ ಅಂಗೀಕಾರವಾಗಿ ಸೇರು ಪಡಿಗಳೆರಡನ್ನೂ ಹಿಂದಕ್ಕೆ ಸರಿಸುವ ಕಾರ್ಯಕ್ಕೆ ನಾಂದಿಯಾಯಿತು. 1957ರ ಏಪ್ರಿಲಿನಲ್ಲಿ ನಯಾಪೈಸೆ ಬಂದಿತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತ ಹಂತವಾಗಿ ಬಳಕೆಗೆ ಬಂದು, 1962ರ ಏಪ್ರಿಲಿನಿಂದ ಕಿಲೋಗ್ರಾಮೇ ಕಡ್ಡಾಯವಾಯಿತು.

ಹೊಸ ಪದ್ಧತಿಯು ಗೊಂದಲವನ್ನು ನಿವಾರಿಸಿತಾದರೂ, ಬದಲಾವಣೆಯ ಆ ಕೆಲವು ವರ್ಷಗಳು ಪ್ರಾಮಾಣಿಕತೆಗೆ ಪರೀಕ್ಷಾಕಾಲವಾದವು. ಒಂದು ತೊಲ ಸುಮಾರು 11.66 ಗ್ರಾಂ. 24 ತೊಲದ ಕಚ್ಚಾ ಸೇರು 280 ಗ್ರಾಂ ಆಗುತ್ತದೆ. ಅದಕ್ಕೆ ಹತ್ತಿರದ ಹೊಸ ತೂಕ ಕಾಲು ಕಿಲೋ. ಕಚ್ಚಾ ಸೇರು ಬೆಲ್ಲದ ಬೆಲೆಗೇ ಕಾಲು ಕಿಲೋ ಬೆಲ್ಲ ಕೊಟ್ಟರೆ ಗಿರಾಕಿಗೆ 30 ಗ್ರಾಂ ನಷ್ಟ. ನೋಡಲು ಅಲ್ಪ, ಒಂದು ಮಣ ಮಾರುವಷ್ಟರಲ್ಲಿ 1 ಕಿಲೋ 200 ಗ್ರಾಂ. ಇನ್ನೊಂದೆಡೆ ಪಕ್ಕಾ ಸೇರು ರಾಗಿಯ ಬೆಲೆಗೆ ಒಂದು ಕಿಲೋ ರಾಗಿ ಕೊಟ್ಟರೆ ವರ್ತಕನಿಗೆ ಸುಮಾರು 20 ಗ್ರಾಂ ನಷ್ಟ. ಎರಡು ಕಡೆಯೂ ಸರಿಯಾದ ದರವನ್ನು ಲೆಕ್ಕ ಹಾಕುವುದೇ ಧರ್ಮ. ಗಿರಾಕಿಗೆ ನಷ್ಟವಾಗುವಲ್ಲಿ ಪೂರ್ಣಾಂಕವನ್ನೂ ತನಗೆ ನಷ್ಟವಾಗುವಲ್ಲಿ ಕಟ್ಟುನಿಟ್ಟಾದ ದಶಾಂಶವನ್ನೂ ಬಳಸುವವನು ಸರಕಾರದ ಮುದ್ರೆಯಿರುವ ಬಟ್ಟನ್ನೇ ಬಳಸಿದರೂ ಅತಿಚಾರದಿಂದ ಪಾರಾಗುವುದಿಲ್ಲ.

ಅಡಿಗೆಮನೆಯ ಲೆಕ್ಕ

ಅಂಗಡಿಯಿಂದ ಪಾತ್ರೆ ಹೊರಟುಹೋದರೂ ಅಡಿಗೆಮನೆಯಲ್ಲಿ ಪಾವು ಉಳಿಯಿತು. ಅಕ್ಕಿಯನ್ನು ಕಿಲೋದಿಂದ ಕೊಂಡು ಪಾವಿನಿಂದ ಬೇಯಿಸುವುದು ಇಂದಿಗೂ ಅನೇಕ ಮನೆಗಳ ಪದ್ಧತಿ. 84 ತೊಲದ ಸೇರಿನ ಲೆಕ್ಕದಲ್ಲಿ ಒಂದು ಪಾವು ಧಾನ್ಯ ಸುಮಾರು 245 ಗ್ರಾಂ. ಕಾಲು ಕಿಲೋಗೆ ಬಹಳ ಹತ್ತಿರ. ಇದನ್ನೇ ಎಲ್ಲ ವಸ್ತುಗಳಿಗೂ ಅನ್ವಯಿಸಬಾರದು. ಒಂದು ಲೀಟರು ಹಿಡಿಯುವ ಪಾತ್ರೆಯಲ್ಲಿ ನೀರು 1000 ಗ್ರಾಂ, ಹಾಲು ಸುಮಾರು 1030, ಅಡಿಗೆ ಎಣ್ಣೆ 910ರಿಂದ 920, ಅಕ್ಕಿ ಸುಮಾರು 800, ಭತ್ತ 600ಕ್ಕಿಂತ ಸ್ವಲ್ಪ ಕಡಿಮೆ, ಪುಡಿ ಉಪ್ಪು ಸುಮಾರು 1200 ಗ್ರಾಂ ಹಿಡಿಯುತ್ತವೆ. ಕಡ್ಲೇಪುರಿಯಾದರೋ 100 ಗ್ರಾಮನ್ನೂ ಮುಟ್ಟುವುದಿಲ್ಲ. ಆದುದರಿಂದಲೇ ಅದು ಇಂದಿಗೂ ಸಂತೆಗಳಲ್ಲಿ ಸೇರು ಲೀಟರುಗಳಿಂದಲೇ ಮಾರಾಟವಾಗುತ್ತದೆ.

ರಾಗಿಯ ಉದಾಹರಣೆ ವಿಶೇಷ ಗಮನಕ್ಕೆ ಯೋಗ್ಯವಾದುದು. ರಾಗಿಕಾಳು ಅಕ್ಕಿಗೆ ಸರಿಸಮನಾಗಿ ತೂಗುತ್ತದೆ. ಬೀಸಿದ ಮೇಲೆ ಹಿಟ್ಟು ಅರಳಿ, ಸಡಿಲವಾಗಿ ತುಂಬಿದಾಗ ಲೀಟರಿಗೆ 600 ಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ನೆರೆಮನೆಯಿಂದ ಒಂದು ಸೇರು ರಾಗಿ ಕಡ ತಂದು ಒಂದು ಸೇರು ಹಿಟ್ಟನ್ನು ಹಿಂದಿರುಗಿಸಿದವರು, ತಿಳಿಯದೆ, ಕಾಲುಭಾಗವನ್ನು ಉಳಿಸಿಕೊಂಡಂತೆಯೇ. ಹಿಟ್ಟನ್ನು ಒತ್ತಿ ತುಂಬಿ, ಮೇಲೊಂದು ಹಿಡಿ ಹಾಕಿ ಕೊಡುವ ಹಿರಿಯ ಗೃಹಿಣಿಯರ ಪದ್ಧತಿ ಔದಾರ್ಯವೆಂಬಂತೆ ತೋರಿದರೂ ವಾಸ್ತವದಲ್ಲಿ ಅದು ನಿಖರವಾದ ನ್ಯಾಯ. ಅವರು ಗ್ರಾಮಿನ ಲೆಕ್ಕ ಮಾಡಲಿಲ್ಲ, ಕೈಯ ಅನುಭವದಿಂದ ಶಿಖೆಯ ತತ್ತ್ವವನ್ನು ಪಾಲಿಸಿದರು.

ಶ್ರಾವಕರಿಗೆ ಜೇನು ವರ್ಜ್ಯವಾದರೂ ಅಳತೆಯ ದೃಷ್ಟಿಯಿಂದ ಅದರ ಮಾತನ್ನು ಇಲ್ಲಿ ಹೇಳಬೇಕಾಗಿದೆ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆಮಹದೇಶ್ವರ ಬೆಟ್ಟದ ಸೋಲಿಗರು ಕಾಡಿನಿಂದ ತರುವ ಜೇನು ಲೀಟರಿಗೆ ಸುಮಾರು 1400 ಗ್ರಾಂ ತೂಗುತ್ತದೆ. ಎಣ್ಣೆಯ ಸೀಸೆಯಿಂದ ಅಳೆದು ಎಣ್ಣೆಯ ಕಿಲೋ ಲೆಕ್ಕದಲ್ಲಿ ಹಣ ಕೊಟ್ಟರೆ ಮೂರನೆಯ ಒಂದು ಪಾಲು ಅವರಿಗೆ ಖೋತಾ. ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಗಳು ಕಾಡುತ್ಪತ್ತಿಯನ್ನು ತೂಗಿ ಕೊಳ್ಳುವುದರಿಂದ ಅವರಿಗೆ ದೊರೆತ ರಕ್ಷಣೆ ಅಲ್ಪವಾದುದಲ್ಲ.

ಹಳೆಯ ಅತಿಚಾರ, ಹೊಸ ವೇಷ

ಈಗ ಪೊಟ್ಟಣಗಳ ಮೇಲೆ ನಿವ್ವಳ ತೂಕ ಅಚ್ಚಾಗಿರುತ್ತದೆ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ 2011ರಿಂದ ಜಾರಿಯಲ್ಲಿದೆ. ಸೂತ್ರಕಾರರ ಎಚ್ಚರಿಕೆಗೆ ಇನ್ನು ಕೆಲಸವಿಲ್ಲವೆಂದು ಭಾವಿಸುವವರು 2022ರ ಒಂದು ಸರಕಾರಿ ಆದೇಶವನ್ನು ಗಮನಿಸಬೇಕು. ಅಡಿಗೆ ಎಣ್ಣೆಯ ಪೊಟ್ಟಣಗಳ ಮೇಲೆ ಲೀಟರಿನ ಪ್ರಮಾಣವನ್ನು ಒಂದು ನಿರ್ದಿಷ್ಟ ಉಷ್ಣತೆಯೊಡನೆ ಅಚ್ಚು ಹಾಕುವ ಪದ್ಧತಿ ಬೆಳೆದಿದ್ದಿತು. ಕೆಲವೆಡೆ ಆ ಉಷ್ಣತೆ 60 ಡಿಗ್ರಿಯವರೆಗೂ ಇದ್ದಿತು. ಎಣ್ಣೆ ಕಾದಾಗ ಹಿಗ್ಗುತ್ತದೆ. ಒಂದು ಲೀಟರು ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ. ಲೀಟರೆಂಬುದೂ ಸುಳ್ಳಲ್ಲ, ಗ್ರಾಂ ಎಂಬುದೂ ಸುಳ್ಳಲ್ಲ. ಆದರೂ ಗಿರಾಕಿಗೆ 26 ಗ್ರಾಂ ಕಡಿಮೆ. ಆದುದರಿಂದ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ಉಷ್ಣತೆಯ ಉಲ್ಲೇಖವನ್ನು ಬಿಟ್ಟು, ಅಳತೆಯೊಡನೆ ತೂಕವನ್ನೂ ನಮೂದಿಸಬೇಕೆಂದು 2022ರ ಆಗಸ್ಟಿನಲ್ಲಿ ತಯಾರಕರಿಗೆ ಸೂಚಿಸಿ, 2023ರ ಜನವರಿಯವರೆಗೆ ಕಾಲಾವಕಾಶ ಕೊಟ್ಟಿತು. ಮಾನವನ್ನೂ ಉನ್ಮಾನವನ್ನೂ ಒಟ್ಟಿಗೆ ಹೇಳಬೇಕೆಂಬ ಈ ಆಜ್ಞೆಯು ತತ್ತ್ವಾರ್ಥಸೂತ್ರದ ಸಮಾಸಪದವನ್ನೇ ಕಾನೂನಿನ ಭಾಷೆಯಲ್ಲಿ ಮತ್ತೆ ಬರೆದಂತಿದೆ.

ಪಾತ್ರೆ ಬದಲಾಗಿದೆ, ರಾಜ್ಯ ಬದಲಾಗಿದೆ, ಗಡಿ ಅಳಿದಿದೆ. ಒಂದು ಅಳತೆಯಿಂದ ಇನ್ನೊಂದಕ್ಕೆ ದಾಟುವ ಹಾದಿ ಮಾತ್ರ ಉಳಿದಿದೆ. ಆ ಹಾದಿಯಲ್ಲಿ ಮುದ್ರಾಧಿಕಾರಿಯ ಕಣ್ಣು ಎಲ್ಲ ಕಾಲದಲ್ಲಿಯೂ ಇರುವುದಿಲ್ಲ. ಅಲ್ಲಿ ಶ್ರಾವಕನಿಗೆ ಅವನ ವ್ರತವೇ ಕಾವಲು. ಕೊಳ್ಳುವಾಗ ಯಾವ ಕ್ರಮದಿಂದ ಅಳೆದನೋ ಅದೇ ಕ್ರಮದಿಂದ ಕೊಡುವುದು, ಕ್ರಮವನ್ನು ಬದಲಾಯಿಸಬೇಕಾಗಿ ಬಂದರೆ ಅದರ ಲೆಕ್ಕವನ್ನು ಎದುರಿನವನಿಗೆ ತಿಳಿಯುವಂತೆ ಬಿಡಿಸಿ ಹೇಳುವುದು, ಉಳಿಯುವ ಸಂದೇಹವನ್ನು ತನ್ನ ಪಾಲಿಗೆ ಇಟ್ಟುಕೊಂಡು ಒಂದು ಹಿಡಿಯನ್ನು ಗಿರಾಕಿಯ ಪಾಲಿಗೆ ಹಾಕುವುದು, ಈ ಮೂರನ್ನು ಪಾಲಿಸುವ ವರ್ತಕನ ಅಂಗಡಿಯಲ್ಲಿ ಕೊಳಗವಿರಲಿ ತಕ್ಕಡಿಯಿರಲಿ ಅಚೌರ್ಯವ್ರತಕ್ಕೆ ಭಂಗ ಬಾರದು.